ಕೀಳುವ ಇಕ್ಕಳದಿಂದ ಉಳಿಸುವ ಸೂಜಿಯವರೆಗೆ

'ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ' ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಬಾಳಿನ ವಿಪರ್ಯಾಸಕ್ಕೆ ಈ ಗಾದೆಯನ್ನು ಉದಾಹರಿಸುವ ನಾವು ಅದರ ನೇರ ಅರ್ಥವನ್ನು ಗಮನಿಸುವುದೇ ಇಲ್ಲ. ವಯಸ್ಸಾದ ಮೇಲೆ ಹಲ್ಲು ಹೋಗಿಯೇ ಹೋಗುತ್ತದೆ, ಅದಕ್ಕೆ ಯಾರೂ ಏನೂ ಮಾಡುವಂತಿಲ್ಲ ಎಂದು ನಮ್ಮ ಹಿರಿಯರು ಒಪ್ಪಿಕೊಂಡಿದ್ದರು. ಖಡಕ್ ಜೋಳದ ರೊಟ್ಟಿ, ಶೇಂಗಾ, ಕಡಲೆ, ಹಸಿ ಉಳ್ಳಾಗಡ್ಡಿ ತಿಂದು ಬದುಕುವ ಉತ್ತರ ಕರ್ನಾಟಕದ ರೈತನಿಗೆ ಹಲ್ಲು ಹೋಗುವುದೆಂದರೆ ಅರ್ಧ ಊಟ ಹೋದಂತೆ. ಆದರೂ ಅದನ್ನು ಆತ ಕೂದಲು ನೆರೆತಷ್ಟೇ ಸಹಜವಾಗಿ ಸ್ವೀಕರಿಸುತ್ತಿದ್ದ. ರೊಟ್ಟಿಯನ್ನು ಹಾಲಿನಲ್ಲಿಯೋ ಸಾರಿನಲ್ಲಿಯೋ ನೆನೆಹಾಕಿಕೊಂಡು ಕಾಲ ಕಳೆಯುತ್ತಿದ್ದ.

ಇಂದು ಬೆಳಗಾವಿಯ ಮಹಾಂತೇಶ ನಗರದಂಥ ಬಡಾವಣೆಯಲ್ಲಿ ಸಂಜೆ ಒಂದು ಸುತ್ತು ಹಾಕಿದರೆ ಬೇರೆಯೇ ಕಾಲದಲ್ಲಿ ನಡೆದಂತೆ ಅನಿಸುತ್ತದೆ. ಕಿರಾಣಿ ಅಂಗಡಿ, ಔಷಧ ಅಂಗಡಿಗಳ ಸಾಲಿನಲ್ಲಿ ಹೊಳೆಯುವ ಹಲ್ಲಿನ ಚಿತ್ರವಿರುವ ಫಲಕವೊಂದು ಕಣ್ಣಿಗೆ ಬೀಳುತ್ತದೆ. ಅದರ ಕೆಳಗೆ ಸಾಲು ಸಾಲಾಗಿ ಬರೆದಿರುತ್ತದೆ: ಹಲ್ಲು ಸ್ವಚ್ಛಗೊಳಿಸುವುದು, ತುಂಬಿಸುವುದು, ರೂಟ್ ಕೆನಾಲ್, ಕ್ಯಾಪ್, ಬ್ರಿಜ್, ಕ್ಲಿಪ್, ಹಲ್ಲಿನ ಸೆಟ್ಟು, ಇಂಪ್ಲಾಂಟ್. ನಮ್ಮ ಅಜ್ಜಂದಿರ ಕಾಲದಲ್ಲಿ ಇಂಥ ಫಲಕ ಇದ್ದಿದ್ದರೆ ಅದರಲ್ಲಿ ಒಂದೇ ಸಾಲು ಇರುತ್ತಿತ್ತು: ಹಲ್ಲು ಕೀಳಲಾಗುವುದು. ಆ ಒಂದು ಸಾಲು ಇಷ್ಟೊಂದು ಸಾಲುಗಳಾದದ್ದು ಹೇಗೆ ಎಂಬುದೇ ದಂತವೈದ್ಯದ ಚರಿತ್ರೆ. ಇಷ್ಟೊಂದು ಸಾಲುಗಳಿದ್ದರೂ ನಮ್ಮಲ್ಲಿ ಬಹಳ ಮಂದಿ ಇಂದಿಗೂ ಆ ಹಳೆಯ ಒಂದೇ ಸಾಲನ್ನು ಕೇಳಿಕೊಂಡು ಬರುತ್ತಾರಲ್ಲ, ಅದು ಏಕೆ ಎಂಬುದು ಈ ಚರಿತ್ರೆಯ ಇನ್ನೊಂದು ಮುಖ.

ಹುಳ ತಿಂದ ಹಲ್ಲು

ಹಲ್ಲು ಹುಳುಕಾಯಿತು ಎನ್ನುತ್ತೇವೆ. ಹುಳುಕು ಎಂಬ ಮಾತಿನಲ್ಲಿಯೇ ಹುಳ ಇದೆ. ಹಲ್ಲನ್ನು ಹುಳ ಕೊರೆಯುತ್ತದೆ ಎಂಬ ನಂಬಿಕೆ ಕನ್ನಡಿಗರದು ಮಾತ್ರವಲ್ಲ. ಪ್ರಾಚೀನ ಬ್ಯಾಬಿಲೋನಿನ ಮಣ್ಣಿನ ಫಲಕಗಳಲ್ಲಿಯೂ ಅದು ಸಿಗುತ್ತದೆ. ನಮ್ಮ ಆಯುರ್ವೇದ ಗ್ರಂಥಗಳು ಈ ರೋಗಕ್ಕೆ 'ಕೃಮಿದಂತ' ಎಂದೇ ಹೆಸರಿಟ್ಟಿವೆ. ನೆಲಗುಳ್ಳದ ಬೀಜವನ್ನು ಕೆಂಡದ ಮೇಲೆ ಹಾಕಿ, ಅದರ ಹೊಗೆಯನ್ನು ಕೊಳವೆಯ ಮೂಲಕ ನೋಯುವ ಹಲ್ಲಿಗೆ ಹಾಯಿಸಿ ಹುಳ ಬೀಳಿಸುವ ನಾಟಿ ಚಿಕಿತ್ಸೆಯನ್ನು ಕಂಡವರು ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಯುರೋಪಿನಲ್ಲಿಯೂ ಇಂಥದೇ ಹೊಗೆಯ ಚಿಕಿತ್ಸೆ ಇತ್ತು. ಅಲ್ಲಿ ಬಳಸುತ್ತಿದ್ದುದು ಹೆನ್‌ಬೇನ್ ಎಂಬ ಗಿಡದ ಬೀಜ. ಬಿಸಿಗೆ ಬೀಜ ಸಿಡಿದಾಗ ಒಳಗಿನ ಬಿಳಿಯ ಸುರುಳಿ ಮೊಳಕೆ ಹೊರಬೀಳುತ್ತದೆ. ನೋಡುವವರಿಗೆ ಅದೇ ಹುಳ! ಬೀಜದ ಹೊಗೆಯಲ್ಲಿದ್ದ ಮಂಪರು ಬರಿಸುವ ಅಂಶದಿಂದ ನೋವು ಸ್ವಲ್ಪ ತಗ್ಗುತ್ತಿತ್ತು. ಹೀಗಾಗಿ ನಂಬಿಕೆ ಸಾವಿರಾರು ವರ್ಷ ಉಳಿಯಿತು.

ಈ ನಂಬಿಕೆಗೆ ಮೊದಲ ದೊಡ್ಡ ಪೆಟ್ಟು ಕೊಟ್ಟವನು ಫ್ರಾನ್ಸಿನ ಪಿಯೆರ್ ಫೊಶಾರ್. 1728ರಲ್ಲಿ ಪ್ರಕಟವಾದ ಅವನ ಎರಡು ಸಂಪುಟಗಳ ಗ್ರಂಥವನ್ನು ಆಧುನಿಕ ದಂತವೈದ್ಯದ ತಳಹದಿ ಎಂದು ಪರಿಗಣಿಸಲಾಗಿದೆ. ತಾನು ಎಷ್ಟು ಹುಡುಕಿದರೂ ಹಲ್ಲಿನಲ್ಲಿ ಹುಳ ಕಾಣಲಿಲ್ಲ ಎಂದು ಅವನು ಹೇಳಿದ; ಸಕ್ಕರೆ ಹಲ್ಲಿಗೆ ಕೇಡು ಎಂದೂ ಎಚ್ಚರಿಸಿದ. ಆದರೆ ನಿಜವಾದ ಕಾರಣ ಗೊತ್ತಾಗಲು ಇನ್ನೂ ನೂರೈವತ್ತು ವರ್ಷಗಳಿಗಿಂತ ಹೆಚ್ಚು ಕಾಲ ಹಿಡಿಯಿತು. ಬರ್ಲಿನ್‌ನಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕದ ವಿಜ್ಞಾನಿ ಡಬ್ಲ್ಯು.ಡಿ. ಮಿಲ್ಲರ್ 1890ರಲ್ಲಿ ಬಾಯಿಯ ಸೂಕ್ಷ್ಮಾಣುಗಳ ಕುರಿತ ತನ್ನ ಗ್ರಂಥವನ್ನು ಹೊರತಂದ. ನಾವು ತಿಂದ ಸಿಹಿ, ಹಿಟ್ಟಿನ ಅಂಶಗಳನ್ನು ಬಾಯಲ್ಲಿರುವ ಸೂಕ್ಷ್ಮಾಣುಗಳು ಆಮ್ಲವಾಗಿ ಮಾರ್ಪಡಿಸುತ್ತವೆ. ಆ ಆಮ್ಲ ಹಲ್ಲಿನ ಮೇಲಿನ ಗಟ್ಟಿ ಕವಚವನ್ನು ಕರಗಿಸುತ್ತದೆ ಎಂಬುದು ಅವನ ವಾದ. ಎನಾಮಲ್ ಎಂಬ ಈ ಕವಚ ಮನುಷ್ಯ ದೇಹದಲ್ಲಿಯೇ ಅತ್ಯಂತ ಗಟ್ಟಿಯಾದ ವಸ್ತು. ಆದರೂ ಹುಣಸೆ ಹುಳಿಗೆ ಹಿತ್ತಾಳೆ ಪಾತ್ರೆಯ ಕಿಲುಬು ಕರಗುವ ಹಾಗೆ ಆಮ್ಲದ ಮುಂದೆ ಅದು ಸೋಲುತ್ತದೆ. ಒಮ್ಮೆ ಗುಂಡಿ ಬಿದ್ದರೆ ಅದು ತಾನಾಗಿ ತುಂಬಿಕೊಳ್ಳುವುದಿಲ್ಲ. ಮುರಿದ ಎಲುಬು ಕೂಡುತ್ತದೆ, ಗಾಯ ಮಾಯುತ್ತದೆ; ಹಲ್ಲಿನ ಗುಂಡಿ ಮಾತ್ರ ಹಾಗೆಯೇ ಉಳಿದು ಬೆಳೆಯುತ್ತದೆ. ಹುಳ ಇದ್ದದ್ದು ನಿಜ ಎನ್ನಬೇಕು, ಆದರೆ ಅದು ಕಣ್ಣಿಗೆ ಕಾಣದಷ್ಟು ಸಣ್ಣದು.

ಸುಶ್ರುತನ ಎಚ್ಚರಿಕೆ, ನಮ್ಮ ಅಂಜಿಕೆ

ಸುಶ್ರುತ ಸಂಹಿತೆಯಲ್ಲಿ ಬಾಯಿಯ ರೋಗಗಳ ಸಂಖ್ಯೆ 65. ಅದರಲ್ಲಿ ಒಸಡಿನವು 15, ಹಲ್ಲಿನವು 8. ಹಲ್ಲುಜ್ಜಲು ಹನ್ನೆರಡು ಅಂಗುಲ ಉದ್ದದ, ಕಿರುಬೆರಳು ಗಾತ್ರದ ಹಸಿ ಕಡ್ಡಿ ಬೇಕೆಂದು ಆ ಗ್ರಂಥ ಹೇಳುತ್ತದೆ. ಕಹಿ ಮರಗಳಲ್ಲಿ ಬೇವು ಉತ್ತಮವೆನ್ನುತ್ತದೆ. ನಮ್ಮ ಹಳ್ಳಿಗಳಲ್ಲಿ ಬೇವಿನ ಕಡ್ಡಿ, ಜಾಲಿ ಕಡ್ಡಿಗಳ ಬಳಕೆಗೆ ಎಷ್ಟು ಹಳೆಯ ಬೇರಿದೆ ಎಂಬುದು ಇದರಿಂದ ತಿಳಿಯುತ್ತದೆ. ಹಲ್ಲಿನ ಮೇಲೆ ಗಟ್ಟಿಯಾಗಿ ಕೂಡುವ ಕಿಟ್ಟಕ್ಕೆ 'ದಂತಶರ್ಕರಾ' ಎಂದು ಹೆಸರು. ಅದನ್ನು ಕೆರೆದು ತೆಗೆಯಲು 'ದಂತಶಂಕು' ಎಂಬ ಉಪಕರಣವೂ ಇತ್ತು. ಇಂದು ದಂತವೈದ್ಯರು ಯಂತ್ರದ ಕಂಪನದಿಂದ ಮಾಡುವ 'ಸ್ಕೇಲಿಂಗ್' ಇದೇ ಕೆಲಸದ ಮುಂದುವರಿದ ರೂಪ.

ಸ್ವಚ್ಛ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ದೂರು ಎಲ್ಲ ಕಡೆ ಕೇಳಿಬರುತ್ತದೆ. ವಾಸ್ತವ ಇದಕ್ಕೆ ತಿರುವುಮುರುವು. ಕಿಟ್ಟ ಕೂತಷ್ಟೂ ಒಸಡು ಬಾತು, ರಕ್ತ ಸೋರಿ, ಹಲ್ಲಿನ ಸುತ್ತಲ ಎಲುಬು ಸವೆಯುತ್ತ ಹೋಗುತ್ತದೆ. ಬಿದ್ದುಹೋಗಲಿರುವ ಗೋಡೆಗೆ ಕಸದ ರಾಶಿಯೇ ಆಸರೆಯಾದ ಹಾಗೆ, ಆ ಕಿಟ್ಟವೇ ಹಲ್ಲುಗಳನ್ನು ಹಿಡಿದುಕೊಂಡಿರುತ್ತದೆ. ಅದನ್ನು ತೆಗೆದಾಗ ಮೊದಲೇ ಆಗಿದ್ದ ಸಡಿಲು ನಾಲಗೆಗೆ ಗೊತ್ತಾಗುತ್ತದೆ, ಅಷ್ಟೆ. ತಡವಾಗಿ ಮಾಡಿಸಿದ್ದರ ಫಲವನ್ನು ಮಾಡಿಸಿದ್ದಕ್ಕೇ ಹಚ್ಚುತ್ತೇವೆ.

ಮೇಲಿನ ಹಲ್ಲು ಕಿತ್ತರೆ ಕಣ್ಣಿಗೆ ಪೆಟ್ಟು ಎಂಬುದು ಇನ್ನೊಂದು ಅಂಜಿಕೆ. ಇದು ಬರಿಯ ಹಳ್ಳಿಯ ಮೂಢನಂಬಿಕೆ ಎಂದು ತಳ್ಳಿಹಾಕುವವರು ಸುಶ್ರುತ ಸಂಹಿತೆಯನ್ನು ನೋಡಬೇಕು. ಗಟ್ಟಿಯಾಗಿ ಬೇರೂರಿದ ಮೇಲ್ದವಡೆಯ ಹಲ್ಲನ್ನು ಕಿತ್ತರೆ ವಿಪರೀತ ರಕ್ತಸ್ರಾವವಾಗಿ ಕಣ್ಣು ಹೋಗಬಹುದು, ಮುಖದ ವಾತ ಬರಬಹುದು ಎಂದು ಆ ಗ್ರಂಥವೇ ವೈದ್ಯನನ್ನು ಎಚ್ಚರಿಸುತ್ತದೆ. ರಕ್ತ ನಿಲ್ಲಿಸುವ ಸಾಧನಗಳೂ ಕೀವು ತಡೆಯುವ ಔಷಧಗಳೂ ಇಲ್ಲದ ಕಾಲಕ್ಕೆ ಅದು ವಿವೇಕದ ಮಾತೇ. ಮೇಲಿನ ಕೋರೆಹಲ್ಲಿನ ಬುಡದಲ್ಲಿ ಕೀವು ತುಂಬಿದರೆ ಬಾವು ಕಣ್ಣಿನವರೆಗೆ ಏರುವುದುಂಟು. ಕಣ್ಣಿಗೆ ತೊಂದರೆ ತಂದದ್ದು ಹಲ್ಲಿನ ರೋಗ. ಅಪವಾದ ಬಂದದ್ದು ಇಕ್ಕಳದ ಮೇಲೆ. ದೃಷ್ಟಿಯ ನರವೇ ಬೇರೆ, ಹಲ್ಲಿನ ನರವೇ ಬೇರೆ. ಕೀವು ತುಂಬಿದ ಹಲ್ಲನ್ನು ಕಣ್ಣಿನ ಭಯಕ್ಕೆ ಹಾಗೆಯೇ ಬಿಡುವುದೇ ಇಂದು ಅಪಾಯಕಾರಿ.

ನಗೆ ಅನಿಲ ಮತ್ತು ಒಬ್ಬ ದಂತವೈದ್ಯನ ದುರಂತ

ಹಲ್ಲು ಕೀಳುವ ಕೆಲಸ ಬಹುಕಾಲ ಕ್ಷೌರಿಕರ, ಕಮ್ಮಾರರ, ಜಾತ್ರೆಯ ವೈದ್ಯರ ಕೈಯಲ್ಲಿತ್ತು. ಯುರೋಪಿನಲ್ಲಿಯೂ ಇದೇ ಸ್ಥಿತಿ. ರೋಗಿಯನ್ನು ನಾಲ್ಕು ಜನ ಹಿಡಿದುಕೊಳ್ಳಬೇಕಾಗಿತ್ತು. ಈ ನೋವಿಗೆ ಉತ್ತರ ಹುಡುಕಿದವರು ದಂತವೈದ್ಯರೇ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. 1844ರ ಡಿಸೆಂಬರಿನಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ಪಟ್ಟಣದಲ್ಲಿ 'ನಗೆ ಅನಿಲ'ದ ಪ್ರದರ್ಶನ ನಡೆಯಿತು. ಅನಿಲ ಸೇವಿಸಿ ಕುಣಿದಾಡಿದ ಒಬ್ಬನ ಕಾಲಿಗೆ ಪೆಟ್ಟಾಗಿತ್ತು, ಆದರೆ ಅವನಿಗೆ ನೋವೇ ತಿಳಿದಿರಲಿಲ್ಲ. ಪ್ರೇಕ್ಷಕರಲ್ಲಿ ಕುಳಿತಿದ್ದ ದಂತವೈದ್ಯ ಹೊರೇಸ್ ವೆಲ್ಸ್ ಇದನ್ನು ಗಮನಿಸಿದ. ಮರುದಿನವೇ ತಾನು ಆ ಅನಿಲ ಸೇವಿಸಿ ತನ್ನದೇ ಹಲ್ಲನ್ನು ಕೀಳಿಸಿಕೊಂಡ.

ಮುಂದಿನ ವರ್ಷ ಬಾಸ್ಟನ್ನಿನಲ್ಲಿ ವೈದ್ಯರ ಎದುರು ಅವನು ಪ್ರಯೋಗ ತೋರಿಸಿದಾಗ ರೋಗಿ ಕೂಗಿಕೊಂಡ. ಸಭೆ ವೆಲ್ಸ್‌ನನ್ನು ಗೇಲಿ ಮಾಡಿತು. 1846ರ ಅಕ್ಟೋಬರ್ 16ರಂದು ಅವನ ಹಳೆಯ ಜೊತೆಗಾರ, ದಂತವೈದ್ಯ ವಿಲಿಯಂ ಮಾರ್ಟನ್, ಅದೇ ಊರಿನಲ್ಲಿ ಈಥರ್ ಬಳಸಿ ಯಶಸ್ವಿಯಾದ. ಕೀರ್ತಿ ಅವನ ಪಾಲಾಯಿತು. ವೆಲ್ಸ್ 1848ರಲ್ಲಿ ಆತ್ಮಹತ್ಯೆ ಮಾಡಿಕೊಂಡ. ಇಂದು ಹೃದಯದ ಶಸ್ತ್ರಕ್ರಿಯೆಗೂ ಹೆರಿಗೆಯ ಶಸ್ತ್ರಕ್ರಿಯೆಗೂ ಬಳಸುವ ಅರಿವಳಿಕೆ ಶಾಸ್ತ್ರಕ್ಕೆ ದಾರಿ ತೆರೆದದ್ದು ಒಂದು ಹಲ್ಲು!

ಇಡೀ ದೇಹಕ್ಕೆ ಮಂಪರು ತರಿಸುವ ಬದಲು ನೋಯುವ ಜಾಗವನ್ನಷ್ಟೇ ಜೋಮು ಹಿಡಿಸುವ ವಿದ್ಯೆ 1884ರಲ್ಲಿ ಕೊಕೇನ್‌ನಿಂದ ಶುರುವಾಯಿತು. ಕೊಕೇನ್ ಚಟ ಹಿಡಿಸುತ್ತದೆಂದು ಗೊತ್ತಾದ ಮೇಲೆ 20ನೆಯ ಶತಮಾನದ ಆರಂಭದಲ್ಲಿ ಪ್ರೊಕೇನ್ ಬಂದಿತು. ಸ್ವೀಡನ್ನಿನ ನೀಲ್ಸ್ ಲೊಫ್‌ಗ್ರೆನ್ 1943ರಲ್ಲಿ ಸಿದ್ಧಪಡಿಸಿದ ಲಿಗ್ನೊಕೇನ್ ಇಂದಿಗೂ ದಂತವೈದ್ಯರ ಸೂಜಿಯಲ್ಲಿರುವ ಔಷಧ. ನೋವಿಲ್ಲದೆ ಕೀಳಬಹುದಾದಾಗಲೇ ನೋವಿಲ್ಲದೆ ಉಳಿಸುವ ಸಾಧ್ಯತೆಯೂ ತೆರೆಯಿತು. ಏಕೆಂದರೆ ಕೀಳುವುದು ಕ್ಷಣದ ಕೆಲಸ. ಉಳಿಸುವುದಕ್ಕೆ ರೋಗಿ ಗಂಟೆಗಟ್ಟಲೆ ಬಾಯಿ ತೆರೆದು ಕೂಡಬೇಕು.

ತುಂಬುವುದು, ಬೇರು ಉಳಿಸುವುದು

ಹಲ್ಲು ಹುಳುಕಾದ ಆರಂಭದಲ್ಲಿಯೇ ಬಂದರೆ ಬೇಕಾಗುವುದು ಸರಳ ಕೆಲಸ: ಕೊಳೆತ ಭಾಗವನ್ನು ಕೊರೆದು ತೆಗೆದು, ಗುಂಡಿಯನ್ನು ತುಂಬುವುದು. ನಮ್ಮ ಜನ 'ಬೆಳ್ಳಿ ತುಂಬಿಸಿದೆ' ಎನ್ನುವುದು ಪಾದರಸದ ಮಿಶ್ರಲೋಹಕ್ಕೆ. ಅದರಲ್ಲಿ ಸುಮಾರು ಅರ್ಧ ಪಾದರಸ. ಉಳಿದದ್ದು ಬೆಳ್ಳಿ, ತವರ, ತಾಮ್ರ. 1833ರಲ್ಲಿ ಇದನ್ನು ಅಮೆರಿಕಕ್ಕೆ ಒಯ್ದಾಗ ದೊಡ್ಡ ಗದ್ದಲವೇ ಎದ್ದಿತು. ಪಾದರಸ ವಿಷ ಎಂದು ಅಲ್ಲಿನ ದಂತವೈದ್ಯರ ಸಂಘ ಸದಸ್ಯರಿಂದ ಇದನ್ನು ಬಳಸುವುದಿಲ್ಲವೆಂದು ಮುಚ್ಚಳಿಕೆ ಬರೆಸಿಕೊಳ್ಳತೊಡಗಿತು. ಜಗಳದಲ್ಲಿ ಸಂಘವೇ 1856ರಲ್ಲಿ ಮುಚ್ಚಿಹೋಯಿತು. ಅಗ್ಗದ, ಗಟ್ಟಿಮುಟ್ಟಾದ ಆ ಲೋಹ ಮಾತ್ರ ನೂರೈವತ್ತು ವರ್ಷ ಬಾಳಿತು. ಪರಿಸರಕ್ಕೆ ಸೇರುವ ಪಾದರಸವನ್ನು ತಗ್ಗಿಸಲು 2013ರಲ್ಲಿ ಆದ ಮಿನಾಮಾಟಾ ಒಪ್ಪಂದದ ಬಳಿಕ ಅದರ ಬಳಕೆ ಇಳಿಯುತ್ತಿದೆ. ಐರೋಪ್ಯ ಒಕ್ಕೂಟ 2025ರಿಂದ ಅದನ್ನು ಬಹುತೇಕ ನಿಲ್ಲಿಸಿದೆ. ಅದರ ಜಾಗಕ್ಕೆ ಬಂದಿರುವುದು ಹಲ್ಲಿನದೇ ಬಣ್ಣದ ರಾಳ. ಹಲ್ಲಿನ ಮೇಲ್ಮೈಯನ್ನು ಆಮ್ಲದಿಂದ ಸ್ವಲ್ಪ ಒರಟು ಮಾಡಿದರೆ ರಾಳ ಗಟ್ಟಿಯಾಗಿ ಅಂಟುತ್ತದೆ ಎಂದು 1955ರಲ್ಲಿ ಮೈಕೆಲ್ ಬ್ಯುನೊಕೋರ್ ತೋರಿಸಿದ್ದು ಇದಕ್ಕೆ ಆಧಾರ. ಗೋಡೆಗೆ ಗಿಲಾವು ಹಿಡಿಯಲೆಂದು ಗೌಂಡಿ ಗೋಡೆಯನ್ನು ಕಚ್ಚು ಹೊಡೆಯುವುದಿಲ್ಲವೇ, ಅದೇ ಉಪಾಯ.

ಕೊರೆಯುವ ಯಂತ್ರದ ಕಥೆಯೂ ಸ್ವಾರಸ್ಯವಾಗಿದೆ. 1871ರಲ್ಲಿ ಬಂದದ್ದು ಹೊಲಿಗೆ ಯಂತ್ರದಂತೆ ಕಾಲಿನಿಂದ ತುಳಿಯುವ ಯಂತ್ರ. ದಂತವೈದ್ಯ ಒಂದು ಕಾಲಲ್ಲಿ ತುಳಿಯುತ್ತ ಕೈಯಲ್ಲಿ ಕೊರೆಯಬೇಕಾಗಿತ್ತು. 1957ರಲ್ಲಿ ಗಾಳಿಯ ಒತ್ತಡದಿಂದ ನಿಮಿಷಕ್ಕೆ ಸುಮಾರು 3 ಲಕ್ಷ ಸುತ್ತು ತಿರುಗುವ ಯಂತ್ರ ಬಂದಿತು. ಅದರ ಕೀರಲು ಸದ್ದಿಗೆ ಮಕ್ಕಳು ಹೆದರುತ್ತವೆ. ಆದರೆ ಹಲ್ಲು ಅದುರುವ ಹಿಂಸೆ ಬಹಳಷ್ಟು ತಪ್ಪಿದ್ದು ಅದೇ ವೇಗದಿಂದ.

ಹುಳುಕು ಹಲ್ಲಿನ ಒಳಗಿನ ಮೃದುಭಾಗಕ್ಕೆ ತಲುಪಿದಾಗ ರಾತ್ರಿ ನಿದ್ದೆಗೆಡಿಸುವ ನೋವು ಶುರುವಾಗುತ್ತದೆ. ಹಲ್ಲಿನ ಒಳಗೆ ನರ, ರಕ್ತನಾಳಗಳಿರುವ ಕಿರಿದಾದ ಓಣಿಗಳಿವೆ. ಅಲ್ಲಿ ಕೀವಾದರೆ ಹಿಗ್ಗಲು ಜಾಗವಿಲ್ಲ. ಆದ್ದರಿಂದಲೇ ಅಷ್ಟು ನೋವು. ರೂಟ್ ಕೆನಾಲ್ ಚಿಕಿತ್ಸೆಯಲ್ಲಿ ವೈದ್ಯರು ಆ ಓಣಿಗಳನ್ನು ಸಪೂರ ಸೂಜಿಗಳಿಂದ ಸ್ವಚ್ಛಗೊಳಿಸಿ, ತೊಳೆದು, ಮುಚ್ಚುತ್ತಾರೆ. 1838ರಲ್ಲಿ ಎಡ್ವರ್ಡ್ ಮೇನಾರ್ಡ್ ಎಂಬ ಅಮೆರಿಕದ ದಂತವೈದ್ಯ ಗಡಿಯಾರದ ಸ್ಪ್ರಿಂಗನ್ನು ಅರೆದು ಇಂಥ ಮೊದಲ ಸೂಜಿ ಮಾಡಿಕೊಂಡ. ಓಣಿಯನ್ನು ತುಂಬಲು ಬಳಸುವ ಗಟಾಪರ್ಚಾ ಮಲಯ ದ್ವೀಪಗಳ ಮರವೊಂದರ ಹಾಲು. 19ನೆಯ ಶತಮಾನದಲ್ಲಿ ಸಮುದ್ರದಡಿಯ ತಂತಿಗಳಿಗೆ ಹೊದಿಕೆಯಾಗಿದ್ದುದೂ ಅದೇ ವಸ್ತು. ಓಣಿ ಎಷ್ಟು ಉದ್ದ, ಎತ್ತ ತಿರುಗಿದೆ ಎಂದು ತಿಳಿಯುವುದು ಮಾತ್ರ ಕುರುಡರ ಕೆಲಸವಾಗಿತ್ತು. ಅದಕ್ಕೆ ಬೆಳಕು ಕೊಟ್ಟದ್ದು ಕ್ಷ-ಕಿರಣ. ರಾಂಟ್‌ಜೆನ್ 1895ರ ನವೆಂಬರಿನಲ್ಲಿ ಅದನ್ನು ಕಂಡುಹಿಡಿದ. ಕೆಲವೇ ವಾರಗಳಲ್ಲಿ, 1896ರ ಜನವರಿಯಲ್ಲಿ, ಜರ್ಮನಿಯ ಒಟ್ಟೊ ವಾಲ್ಕ್‌ಹಾಫ್ ತನ್ನ ಹಲ್ಲುಗಳ ಚಿತ್ರ ತೆಗೆದ. ಅದಕ್ಕಾಗಿ ಅವನು 25 ನಿಮಿಷ ಅಲುಗಾಡದೆ ಮಲಗಬೇಕಾಯಿತು!

ರೂಟ್ ಕೆನಾಲ್ ಆದ ಹಲ್ಲು ಒಳಗೆ ಟೊಳ್ಳಾಗಿ, ಬಿರುಕು ಬಿಡುವ ಸಂಭವ ಹೆಚ್ಚು. ದವಡೆ ಹಲ್ಲಿಗೆ ಕ್ಯಾಪ್ ಹಾಕುವುದು ಇದಕ್ಕಾಗಿಯೇ. ನೋವು ನಿಂತಿತೆಂದು ಕ್ಯಾಪ್ ಹಾಕಿಸದೆ ಹೋದವರು ವರ್ಷದೊಳಗೆ ಒಡೆದ ಹಲ್ಲಿನೊಂದಿಗೆ ಮರಳುವುದು ಸಾಮಾನ್ಯ. ತಪ್ಪು ಚಿಕಿತ್ಸೆಯದಲ್ಲ, ಅರ್ಧಕ್ಕೆ ಬಿಟ್ಟದ್ದರದು.

ಕಟ್ಟಿಸಿದ ಹಲ್ಲು ಮತ್ತು ಕುಂಬಾರನ ಭಟ್ಟಿ

ಹೋದ ಹಲ್ಲಿನ ಜಾಗಕ್ಕೆ ಹಲ್ಲು ಕಟ್ಟಿಸುವ ಆಸೆ ಬಹಳ ಹಳೆಯದು. ಕ್ರಿಸ್ತಪೂರ್ವ 7ನೆಯ ಶತಮಾನದ ಹೊತ್ತಿಗೆ ಇಟಲಿಯ ಎಟ್ರುಸ್ಕನ್ ಜನ ಚಿನ್ನದ ಪಟ್ಟಿಯಿಂದ ಹಲ್ಲು ಬಿಗಿಯುತ್ತಿದ್ದರು. ಇಂದಿನ ಬ್ರಿಜ್‌ನ ಮೂಲ ಅದರಲ್ಲಿದೆ. 18ನೆಯ ಶತಮಾನದ ಯುರೋಪಿನ ಶ್ರೀಮಂತರು ನೀರಾನೆಯ ದಂತದಿಂದ ಕೆತ್ತಿದ ಹಲ್ಲು ಕಟ್ಟಿಸಿಕೊಳ್ಳುತ್ತಿದ್ದರು. ಅದು ಕೊಳೆತು ನಾರುತ್ತಿತ್ತು. ಸತ್ತವರ ಹಲ್ಲನ್ನೂ ಬಳಸುತ್ತಿದ್ದರು. 1815ರ ವಾಟರ್‌ಲೂ ಯುದ್ಧಭೂಮಿಯಲ್ಲಿ ಬಿದ್ದ ಸೈನಿಕರ ಹಲ್ಲುಗಳು ಮಾರಾಟವಾದವು ಎಂಬುದು ಆ ಕಾಲದ ಕ್ರೌರ್ಯಕ್ಕೆ ಸಾಕ್ಷಿ.

ಇದಕ್ಕೆ ಪರಿಹಾರ ಹೊಳೆದದ್ದು ಪ್ಯಾರಿಸ್ ಬಳಿಯ ದುಶಾತೊ ಎಂಬ ಔಷಧ ವ್ಯಾಪಾರಿಗೆ. ತನ್ನ ಅಂಗಡಿಯ ಪಿಂಗಾಣಿ ಭರಣಿಗಳಿಗೆ ಯಾವ ವಾಸನೆಯೂ ಹತ್ತುವುದಿಲ್ಲವಲ್ಲ, ಹಲ್ಲನ್ನೂ ಪಿಂಗಾಣಿಯಲ್ಲಿ ಮಾಡಿದರೇನು ಎಂದು 1774ರ ಸುಮಾರಿಗೆ ಅವನು ಯೋಚಿಸಿದ. ಎದುರಾದ ತೊಡಕು ಯಾವುದು ಎಂಬುದನ್ನು ನಮ್ಮ ಖಾನಾಪುರದ ಕುಂಬಾರರಿಗೆ ಹೇಳಬೇಕಾಗಿಲ್ಲ. ಹೆಂಚು, ಇಟ್ಟಿಗೆ, ಮಡಕೆಗಳಿಗೆ ಹೆಸರಾದ, ಗ್ರಾಮೀಣ ಕುಂಬಾರಿಕೆಯ ತರಬೇತಿ ಸಂಸ್ಥೆಯೂ ನೆಲೆಸಿದ ಊರು ಅದು. ಹಸಿ ಮಣ್ಣಿನ ಮಡಕೆ ಭಟ್ಟಿಯಲ್ಲಿ ಸುಟ್ಟಾಗ ಕುಗ್ಗುತ್ತದೆ ಎಂಬುದು ಅಲ್ಲಿನ ಮಕ್ಕಳಿಗೂ ಗೊತ್ತು. ಮಡಕೆ ಒಂದು ಬೆರಳು ಕುಗ್ಗಿದರೆ ಕೊಳ್ಳುವವರಿಗೆ ತಿಳಿಯುವುದಿಲ್ಲ. ಹಲ್ಲಿನ ಸೆಟ್ಟು ಕೂದಲೆಳೆಯಷ್ಟು ಕುಗ್ಗಿದರೂ ಬಾಯಿಗೆ ಕೂಡುವುದಿಲ್ಲ. ದುಶಾತೊ ಎಷ್ಟೋ ಸಲ ಸೋತ. ಅವನಿಗೆ ನೆರವಾದ ದಂತವೈದ್ಯ ದ್ಯುಬ್ವಾ ದ ಶೆಮಾಂ ಕುಗ್ಗುವಿಕೆಯ ಲೆಕ್ಕ ಹಿಡಿದು ಅಚ್ಚನ್ನು ದೊಡ್ಡದಾಗಿ ಮಾಡಿ ಗೆದ್ದ; 1789ರಲ್ಲಿ ಫ್ರಾನ್ಸಿನ ದೊರೆಯಿಂದ ಹಕ್ಕನ್ನೂ ಪಡೆದ. ಇಂದು ಕ್ಯಾಪ್‌ಗೆ ಬಳಸುವ ಸೆರಾಮಿಕ್ ಅದೇ ಕುಲದ್ದು.

ಬಡವರ ಬಾಯಿಗೆ ಹಲ್ಲು ತಂದದ್ದು ಮಾತ್ರ ರಬ್ಬರು. ಗಂಧಕ ಬೆರೆಸಿ ಗಟ್ಟಿ ಮಾಡಿದ ರಬ್ಬರಿನ ಒಸಡು 1850ರ ದಶಕದಿಂದ ಬಳಕೆಗೆ ಬಂದು ಸೆಟ್ಟಿನ ಬೆಲೆ ಇಳಿಸಿತು. 1930ರ ದಶಕದ ಕೊನೆಯಿಂದ ಅದರ ಜಾಗವನ್ನು ಗುಲಾಬಿ ಬಣ್ಣದ ಅಕ್ರಿಲಿಕ್ ಹಿಡಿಯಿತು. ಕರ್ನಾಟಕ ಸರ್ಕಾರ 2014-15ರ ಸುಮಾರಿಗೆ 'ದಂತ ಭಾಗ್ಯ' ಯೋಜನೆಯಡಿ ಬಡ ಹಿರಿಯರಿಗೆ ದಂತ ಕಾಲೇಜುಗಳ ಮೂಲಕ ಉಚಿತವಾಗಿ ಹಲ್ಲಿನ ಸೆಟ್ಟು ಕೊಡಲು ಮುಂದಾದಾಗ ಗಾದೆಯ ಕಡಲೆ ಕೊನೆಗೂ ಕೆಲವರ ಬಾಯಿಗೆ ಮರಳಿತು ಎನ್ನಬಹುದು.

ಇಂಪ್ಲಾಂಟ್ ಎಂಬುದು ಆಕಸ್ಮಿಕದ ಕೊಡುಗೆ. ಸ್ವೀಡನ್ನಿನ ಬ್ರೊನೆಮಾರ್ಕ್ 1950ರ ದಶಕದಲ್ಲಿ ಮೊಲದ ಎಲುಬಿನಲ್ಲಿ ರಕ್ತಸಂಚಾರ ಅಭ್ಯಸಿಸಲು ಟೈಟಾನಿಯಂ ಲೋಹದ ಕೊಳವೆ ಇಟ್ಟಿದ್ದ. ಬೆಲೆಬಾಳುವ ಆ ಕೊಳವೆಯನ್ನು ಮರಳಿ ತೆಗೆಯಹೋದರೆ ಎಲುಬು ಬಿಡಲೊಲ್ಲದು! ಎಲುಬು ಲೋಹಕ್ಕೆ ಬೆಸೆದುಕೊಂಡಿತ್ತು. 1965ರಲ್ಲಿ ಮೊದಲ ರೋಗಿಯ ದವಡೆಗೆ ಟೈಟಾನಿಯಂ ಬೇರು ಕೂರಿಸಲಾಯಿತು. ಸೊಟ್ಟ ಹಲ್ಲಿಗೆ ಹಾಕುವ ಕ್ಲಿಪ್ ಕೂಡ ಎಲುಬಿನ ಗುಣವನ್ನೇ ಬಳಸಿಕೊಳ್ಳುತ್ತದೆ. ಹಗುರವಾಗಿ, ಬಿಡದೆ ಒತ್ತಿದರೆ ಮುಂದಿನ ಕಡೆ ಎಲುಬು ಕರಗುತ್ತದೆ, ಹಿಂದೆ ಹೊಸದು ಬೆಳೆಯುತ್ತದೆ. ಹಲ್ಲು ನಿಧಾನವಾಗಿ ಸರಿಯುತ್ತದೆ. ಆ ನಿಧಾನವನ್ನು ಅವಸರ ಮಾಡಲಾಗದು.

ಸೋಡಾ ಅಂಗಡಿಯಿಂದ ದಂತ ಕಾಲೇಜು

ಬೆಳಗಾವಿ ದಂಡಿನ ಊರು. ಸೈನಿಕನ ಹಲ್ಲಿಗೆ ಹಿಂದೆ ಒಂದು ವಿಶೇಷ ಬೆಲೆ ಇತ್ತು: ಕಾಗದದ ತೋಟಾವನ್ನು ಹಲ್ಲಿನಿಂದ ಕಚ್ಚಿ ಹರಿದು ಬಂದೂಕಿಗೆ ತುಂಬಬೇಕಾಗಿತ್ತು. 1857ರಲ್ಲಿ ಹಸು, ಹಂದಿಯ ಕೊಬ್ಬಿನ ಸಂಶಯ ಎದ್ದದ್ದು ಈ ಕಚ್ಚುವಿಕೆಯಿಂದಲೇ. ಆದರೂ ಬ್ರಿಟಿಷ್ ಸೇನೆ ದಂತವೈದ್ಯರನ್ನು ಗಂಭೀರವಾಗಿ ತೆಗೆದುಕೊಂಡದ್ದು 1914ರಲ್ಲಿ ಸೇನಾಪತಿ ಹೇಗ್ ಯುದ್ಧದ ನಡುವೆ ಹಲ್ಲುನೋವಿನಿಂದ ಬಳಲಿ, ಪ್ಯಾರಿಸ್‌ನಿಂದ ದಂತವೈದ್ಯನನ್ನು ಕರೆಸಿಕೊಂಡ ಮೇಲೆ. ಭಾರತದ ಸೇನೆಯಲ್ಲಿ ದಂತವೈದ್ಯರ ಪ್ರತ್ಯೇಕ ದಳ ಹುಟ್ಟಿದ್ದು 1941ರಲ್ಲಿ.

ಸಾಮಾನ್ಯ ಜನರಿಗೆ ದಂತವೈದ್ಯ ಕಲಿಸುವ ಮೊದಲ ಕಾಲೇಜು ಭಾರತದಲ್ಲಿ ಆರಂಭವಾದದ್ದು 1920ರಲ್ಲಿ, ಕಲ್ಕತ್ತದಲ್ಲಿ. ಸ್ಥಾಪಕರು ಅಮೆರಿಕದ ಅಯೋವಾದಲ್ಲಿ ಕಲಿತು ಬಂದಿದ್ದ ಡಾ. ರಫಿಯುದ್ದೀನ್ ಅಹಮದ್. ಕಾಲೇಜಿನ ಖರ್ಚಿಗೆ ಅವರು 'ನ್ಯೂಯಾರ್ಕ್ ಸೋಡಾ ಫೌಂಟನ್' ಎಂಬ ತಂಪು ಪಾನೀಯದ ಅಂಗಡಿ ತೆರೆದರು. ಹಲ್ಲು ಕೆಡಿಸುವ ಸಿಹಿಯ ಹಣದಿಂದಲೇ ಹಲ್ಲು ಉಳಿಸುವ ವಿದ್ಯೆ ಬೆಳೆಯಿತು! ಮಹಮ್ಮದಾಲಿ ಜಿನ್ನಾ ಅವರ ತಂಗಿ ಫಾತಿಮಾ ಇದೇ ಕಾಲೇಜಿನಲ್ಲಿ ಕಲಿತು 1923ರಲ್ಲಿ ಮುಂಬಯಿಯಲ್ಲಿ ಚಿಕಿತ್ಸಾಲಯ ತೆರೆದಿದ್ದರು. ಮುಂಬಯಿಯ ನಾಯರ್ ಆಸ್ಪತ್ರೆಯ ದಂತ ಕಾಲೇಜು 1933ರದು. ಆಗ ಬೆಳಗಾವಿ ಮುಂಬಯಿ ಪ್ರಾಂತಕ್ಕೆ ಸೇರಿತ್ತು.

ಸ್ವಾತಂತ್ರ್ಯದ ಮರುವರ್ಷ, 1948ರಲ್ಲಿ, ದಂತವೈದ್ಯರ ಕಾಯ್ದೆ ಬಂದಿತು. ಪದವಿ ಪಡೆದವರಿಗೆ 'ಎ' ಪಟ್ಟಿ, ಪದವಿ ಇಲ್ಲದೆ ಅದನ್ನೇ ಹೊಟ್ಟೆಪಾಡು ಮಾಡಿಕೊಂಡಿದ್ದವರಿಗೆ 'ಬಿ' ಪಟ್ಟಿ ಎಂದು ಕಾಯ್ದೆ ವಿಂಗಡಿಸಿತು. ಮನೆತನದ ಕಸುಬಾಗಿ ಹಲ್ಲು ಕಟ್ಟುತ್ತಿದ್ದವರೂ ದೊಡ್ಡ ನಗರಗಳ ಚೀನೀ ದಂತವೈದ್ಯರೂ ಇದ್ದ ಕಾಲ ಅದು. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು 1958ರಲ್ಲಿ, ಮಣಿಪಾಲದ್ದು 1965ರಲ್ಲಿ ಶುರುವಾದವು. 1916ರಲ್ಲಿ ಏಳು ಮಂದಿ ಶಿಕ್ಷಕರು, ಹಿತೈಷಿಗಳು ಕೂಡಿ ಕಟ್ಟಿದ ಕೆ.ಎಲ್.ಇ. ಸಂಸ್ಥೆ 1985ರಲ್ಲಿ ಬೆಳಗಾವಿಯಲ್ಲಿ ದಂತ ಕಾಲೇಜು ತೆರೆಯಿತು. ಮರುವರ್ಷ ಧಾರವಾಡದಲ್ಲಿ ಎಸ್.ಡಿ.ಎಂ. ಕಾಲೇಜು, 1992ರಲ್ಲಿ ಬೆಳಗಾವಿಯಲ್ಲಿಯೇ ಮರಾಠಾ ಮಂಡಳದ ಕಾಲೇಜು ಬಂದವು. ಒಂದು ತಲೆಮಾರಿನ ಹಿಂದೆ ರೂಟ್ ಕೆನಾಲ್‌ಗೆ ದೊಡ್ಡ ನಗರದ ದಾರಿ ಹಿಡಿಯಬೇಕಿದ್ದ ಸೀಮೆಯಲ್ಲಿ ಈಗ ಕಲಿತ ದಂತವೈದ್ಯರು ಬಡಾವಣೆಗೊಬ್ಬರಂತೆ ಸಿಗುತ್ತಾರೆ. ಮಹಾಂತೇಶ ನಗರದಂಥ ಕಡೆ ಕಾಣುವ ಫಲಕಗಳ ಹಿಂದಿನ ಕಥೆ ಇದು.

'ಕಿತ್ತ ಒಗದ್ಬಿಡ್ರಿ'

ಆದರೂ ದಂತವೈದ್ಯರ ಕುರ್ಚಿಯಲ್ಲಿ ಕುಳಿತ ನಮ್ಮ ಜನ ಆಡುವ ಮೊದಲ ಮಾತು ಇಂದಿಗೂ ಅದೇ: 'ಸಾಹೇಬ್ರ, ಭಾಳ ಬ್ಯಾನಿ ಆಗೇತ್ರಿ, ಕಿತ್ತ ಒಗದ್ಬಿಡ್ರಿ.' ಇದರಲ್ಲಿ ಬರಿಯ ಅಜ್ಞಾನವಿಲ್ಲ, ಲೆಕ್ಕಾಚಾರವೂ ಇದೆ. ಕೀಳುವುದು ಒಂದೇ ದಿನದ ಕೆಲಸ, ಖರ್ಚು ಕಡಿಮೆ. ರೂಟ್ ಕೆನಾಲ್, ಕ್ಯಾಪ್ ಎಂದರೆ ಮೂರ್ನಾಲ್ಕು ಸಲ ಬರಬೇಕು, ಕೂಲಿ ಬಿಡಬೇಕು, ಬಸ್ಸಿನ ಖರ್ಚು ಬೇರೆ. ಖಾನಾಪುರದ ಕಾಡಂಚಿನ ಹಳ್ಳಿಯಿಂದ ಬರುವವಳಿಗೆ ಆ ಲೆಕ್ಕ ಇನ್ನೂ ಭಾರ. ಹಲ್ಲು ಉಳಿಸುವ ವಿದ್ಯೆ ಊರಿಗೆ ಬಂದರೂ ಅದು ಎಲ್ಲರ ಕೈಗೆ ಎಟುಕಿಲ್ಲ. ಜಗತ್ತಿನ ಸುಮಾರು 350 ಕೋಟಿ ಜನರಿಗೆ ಬಾಯಿಯ ರೋಗವಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಲೆಕ್ಕ ಹಾಕಿತು. ಅಂದರೆ ಹತ್ತಿರ ಹತ್ತಿರ ಅರ್ಧ ಜಗತ್ತು.

ಇದರ ಜೊತೆಗೆ ಈ ಭಾಗಕ್ಕೆ ತಂಬಾಕಿನ ಶಾಪವೂ ಇದೆ. ನಿಪ್ಪಾಣಿ ತಂಬಾಕಿಗೆ ಹೆಸರಾದ ಊರು. ಅಲ್ಲಿನ ಬೆಳೆಗಾರರು ನ್ಯಾಯವಾದ ಬೆಲೆಗಾಗಿ 1981ರಲ್ಲಿ ದೊಡ್ಡ ಹೋರಾಟವನ್ನೇ ನಡೆಸಿದ್ದರು. ತಂಬಾಕನ್ನು ಹಂಚಿನ ಮೇಲೆ ಕಪ್ಪಾಗುವಂತೆ ಹುರಿದು ಪುಡಿ ಮಾಡಿ ಹಲ್ಲಿಗೆ ತಿಕ್ಕುವ ಮಿಶ್ರಿಯ ರೂಢಿ ಗಡಿಭಾಗದ ಹೆಂಗಸರಲ್ಲಿ ಬಹುಕಾಲದಿಂದ ಇದೆ. ಹಲ್ಲುಜ್ಜುತ್ತಿದ್ದೇವೆ ಎಂದು ಅವರು ತಿಳಿದಿದ್ದಾರೆ. ನಿಜವಾಗಿ ಒಸಡನ್ನು ಸವೆಸಿ ಕ್ಯಾನ್ಸರಿಗೆ ಬಾಗಿಲು ತೆರೆಯುತ್ತಿದ್ದಾರೆ. ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿತು. ಮನೆಯ ಹಂಚಿನ ಮೇಲೆ ಹುರಿಯುವ ಮಿಶ್ರಿಗೆ ಯಾವ ಕಾನೂನು ತಲುಪೀತು? ಇನ್ನು ಹಲ್ಲಿನ ಮೇಲಿನ ಕಂದು ಕಲೆಗಳೆಲ್ಲ ಕೊಳೆಯಲ್ಲ ಎಂಬುದನ್ನೂ ತಿಳಿಯಬೇಕು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂಗಿಂತ ಹೆಚ್ಚು ಫ್ಲೋರೈಡ್ ಇದ್ದರೆ ಬೆಳೆಯುವ ಮಕ್ಕಳ ಹಲ್ಲಿನ ಒಳಗೇ ಕಲೆ ಮೂಡುತ್ತದೆ. ಮುಂಡರಗಿ, ಪಾವಗಡ, ಬಾಗೇಪಲ್ಲಿಯಂಥ ಕಡೆ ಇದು ಕಾಣುತ್ತದೆ. ಅದನ್ನು ಇದ್ದಿಲಿನಿಂದ ತಿಕ್ಕಿದರೆ ಹಲ್ಲು ಸವೆಯುತ್ತದೆಯೇ ಹೊರತು ಕಲೆ ಹೋಗುವುದಿಲ್ಲ. ಅದಕ್ಕೆ ಬೇಕಾದದ್ದು ಮೊದಲು ಒಳ್ಳೆಯ ನೀರು, ಆಮೇಲೆ ದಂತವೈದ್ಯರ ಸಲಹೆ.

ಮೂರು ಶತಮಾನಗಳ ಈ ಕಥೆಯಲ್ಲಿ ಒಂದು ಸತ್ಯ ಎದ್ದು ಕಾಣುತ್ತದೆ. ಫಲಕದ ಸಾಲಿನಲ್ಲಿ ಕೆಳಗೆ ಇಳಿದಂತೆ ಚಿಕಿತ್ಸೆ ದುಬಾರಿಯಾಗುತ್ತದೆ, ತೊಡಕಾಗುತ್ತದೆ. ಸ್ವಚ್ಛಗೊಳಿಸುವುದಕ್ಕಿಂತ ತುಂಬಿಸುವುದು, ತುಂಬಿಸುವುದಕ್ಕಿಂತ ರೂಟ್ ಕೆನಾಲ್, ಅದಕ್ಕಿಂತ ಇಂಪ್ಲಾಂಟ್ ಹೆಚ್ಚು ಖರ್ಚಿನದು. ನೋವು ಬಂದ ಮೇಲೆ ಹೋಗುವವನು ಕೆಳಗಿನ ಸಾಲಿನಿಂದ ಶುರು ಮಾಡುತ್ತಾನೆ; ನೋವಿಲ್ಲದಾಗ ಹೋಗುವವನಿಗೆ ಮೇಲಿನ ಸಾಲೇ ಸಾಕಾಗುತ್ತದೆ. ದಂತ ಕಾಲೇಜುಗಳ ಹೊರರೋಗಿ ವಿಭಾಗಗಳಲ್ಲಿ ಗುರುಗಳ ಕಣ್ಗಾವಲಿನಲ್ಲಿ ವಿದ್ಯಾರ್ಥಿಗಳು ಕಡಿಮೆ ವೆಚ್ಚದಲ್ಲಿ ಚಿಕಿತ್ಸೆ ನೀಡುತ್ತಾರೆ. ವರ್ಷಕ್ಕೊಮ್ಮೆ ಅಲ್ಲಿಗೆ ಹೋಗಿ ಬಾಯಿ ತೋರಿಸಿಕೊಂಡು ಬರುವುದು ಬಡವನಿಗೂ ಅಸಾಧ್ಯವಲ್ಲ. ಮೊಮ್ಮಗನನ್ನು ಕರೆದುಕೊಂಡು ಹೋಗುವ ಅಜ್ಜಿ ತನ್ನ ಬಾಯನ್ನೂ ಒಮ್ಮೆ ತೋರಿಸಿಕೊಳ್ಳಲಿ. ಮಗುವಿಗಾದರೂ ಕಡಲೆ ಇದ್ದಾಗ ಹಲ್ಲೂ ಇರಬೇಕಲ್ಲವೇ?